ಬಚ್ಚಲ ಹಿಂದಿನ ತಾಯಿಮರ

ಹೋದ ವಾರ ನಮ್ಮ ಬೀದಿಯಲ್ಲಿ ಹೊಸ ಚರಂಡಿಗೆ ಅಗೆಯುತ್ತಿದ್ದರು. ಎದುರು ಮನೆಯ ಹಿತ್ತಿಲಲ್ಲಿದ್ದ ಹಳೆಯ ಬಚ್ಚಲಿನ ಹಾಸುಗಲ್ಲನ್ನು ಗಾರೆ ಕೆಲಸದವನು ಹಾರೆ ಹಾಕಿ ಮೀಟಿದ. ನಾನು ಅವನಿಗೆ ಕಾಫಿ ಹಿಡಿದು ಹೋಗಿದ್ದೆ. ಕಲ್ಲು ಏಳುತ್ತಿದ್ದ ಹಾಗೆ ಕೆಳಗಿನಿಂದ ಒಂದು ವಾಸನೆ ಬಂತು... ಸೀಗೆಪುಡಿ, ಹರಳೆಣ್ಣೆ, ತೆಂಗಿನ ಮಟ್ಟೆಯ ಹೊಗೆ, ಮೂರೂ ಬೆರೆತ ವಾಸನೆ. ಆ ಬಚ್ಚಲಲ್ಲಿ ಯಾರೂ ಮಿಂದು ವರ್ಷಗಳೇ ಆಗಿವೆ. ಆದರೂ ಕಲ್ಲಿನಡಿ ಅದು ಹಾಗೇ ಕೂತಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಯಾಕಕ್ಕಾ, ಹಾವು ಗೀವು ಅನ್ಕಂಡ್ರಾ?" ಎಂದು ಅವನು ನಕ್ಕ. ಹಾವಲ್ಲ ಕಣಪ್ಪ, ದೊಡ್ಡಮ್ಮ ಎಂದು ಹೇಳಲು ಹೋಗಿ ಕಾಫಿ ಲೋಟ ಅವನ ಕೈಗಿಟ್ಟೆ.

ಎದುರು ಮನೆಯ ದೊಡ್ಡಮ್ಮ ನನಗೆ ನೆಂಟಸ್ತಿಕೆಯಲ್ಲಿ ಏನೂ ಆಗಬೇಕಿರಲಿಲ್ಲ. ಮಾಯಸಂದ್ರದ ಹತ್ತಿರದ ಈ ಊರಿಗೆ ನಾನು ಸೊಸೆಯಾಗಿ ಬಂದಾಗ ಬೀದಿಯವರೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ಕುಳ್ಳಗಿನ ಹೆಂಗಸು, ಗಂಟಲು ಮಾತ್ರ ಊರಗಲ. ಬಾಯಲ್ಲಿ ಸದಾ ಎಲೆಅಡಿಕೆ. ಅವರ ಯಜಮಾನರು, ಅಂದರೆ ದೊಡ್ಡಪ್ಪ, ಮಾತೇ ಆಡದವರು. ಆ ಮನೆಯಲ್ಲಿ ಮಾತಿನ ಇಲಾಖೆ ದೊಡ್ಡಮ್ಮನದು, ಹೂಂಗುಟ್ಟುವ ಇಲಾಖೆ ದೊಡ್ಡಪ್ಪನದು. ಹೆಣ್ಣುಮಕ್ಕಳಿಬ್ಬರೂ ಹತ್ತಿರದ ಊರುಗಳಿಗೇ ಮದುವೆಯಾಗಿ ಹೋಗಿದ್ದರು, ಬಿಡುವಾದಾಗಲೆಲ್ಲ ಬಂದು ಅಮ್ಮನ ಹತ್ತಿರ ಜಗಳವಾಡಿ, ಮಜ್ಜಿಗೆ ಕುಡಿದು ಹೋಗುತ್ತಿದ್ದರು.

ಅವರಿಗೆ ಊರಾಚೆ ಒಂದು ಚಿಕ್ಕ ತೋಟವಿತ್ತು. ಆದರೆ ದೊಡ್ಡಮ್ಮನ ಹೆಸರು ನಡೆಯುತ್ತಿದ್ದದ್ದು ತೋಟದಿಂದಲ್ಲ, ಸಸಿಯಿಂದ. ಹಿತ್ತಿಲಲ್ಲಿ ಮರಳು ಹಾಸಿ, ಬಿತ್ತನೆಕಾಯಿ ಮಲಗಿಸಿ, ತೆಂಗಿನ ಸಸಿ ಎಬ್ಬಿಸುತ್ತಿದ್ದರು. ಸಂಪಿಗೆ, ಅರಳಗುಪ್ಪೆಯಂಥ ಊರುಗಳಿಂದ, ಎಲ್ಲೆಲ್ಲಿಂದಲೋ ಜನ ಕೇಳಿಕೊಂಡು ಬರುತ್ತಿದ್ದರು. ಬಂದವರಿಗೆ ಸಸಿ ಸಿಕ್ಕೇ ಸಿಗುತ್ತದೆ ಎಂಬ ಖಾತ್ರಿ ಮಾತ್ರ ಇರಲಿಲ್ಲ. ಯಾಕೆಂದರೆ ದುಡ್ಡು ಎಣಿಸಿಕೊಂಡರೂ ದೊಡ್ಡಮ್ಮ ಸಸಿ ಮಾರುತ್ತಿರಲಿಲ್ಲ, ಹೆಣ್ಣು ಕೊಡುತ್ತಿದ್ದರು.

ನಾನು ಮೊದಲ ಸಲ ಅದನ್ನು ನೋಡಿದ್ದು ಮದುವೆಯಾದ ಹೊಸತರಲ್ಲಿ. ಸಂಪಿಗೆ ಕಡೆಯ ರೈತರೊಬ್ಬರು ಜಗಲಿಯಲ್ಲಿ ಕೂತಿದ್ದರು. ದೊಡ್ಡಮ್ಮ ಬಾಗಿಲಿಗೆ ಒರಗಿ ನಿಂತು ವಿಚಾರಣೆ ನಡೆಸಿದ್ದರು.

"ಬೋರಲ್ಲಿ ನೀರು ಎಂಗೈತೆ?"

"ಚೆನ್ನಾಗೈತೆ ಕಣಮ್ಮ."

"ಬ್ಯಾಸಗೇಲೂ?"

ಆತ ತಲೆ ಕೆರೆದುಕೊಂಡರು.

"ತಲೆ ಕೆರ್ಕಳೋರಿಗೆ ನಮ್ಮನೆ ಹೆಣ್ಣು ಕೊಡಲ್ಲ ಕಣಪ್ಪ. ಒಂದ್ ಮಳೆಗಾಲ ಕಳ್ದು ಬಾ."

ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದ್ದೆ. ಒಪ್ಪಿಗೆಯಾದವರಿಗೆ ಮಾತ್ರ ಮರ್ಯಾದೆಯೇ ಬೇರೆ. ಸಸಿಯ ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಗರಿಗೊಂದು ದಾರ ಕಟ್ಟಿ, ಹಿಡಿ ಅಕ್ಕಿ, ಒಂದು ಅಚ್ಚು ಬೆಲ್ಲ ಜೊತೆಗಿಟ್ಟು ಮಡಿಲು ತುಂಬಿ ಕಳಿಸುತ್ತಿದ್ದರು. ಅಷ್ಟಕ್ಕೇ ಬಿಡುವವರೂ ಅಲ್ಲ. ಶ್ರಾವಣದಲ್ಲಿ ಸಂಪಿಗೆಯ ದೇವಸ್ಥಾನಕ್ಕೆ ಹೋದರೆ ಬಸ್ಸಿಳಿದು ಮೊದಲು ಹೋಗುತ್ತಿದ್ದದ್ದು ಸಸಿ ಕೊಟ್ಟವರ ತೋಟಕ್ಕೆ. ದೇವರ ದರ್ಶನ ಆಮೇಲೆ. ಪಾತಿ ಒಣಗಿದ್ದರೆ ಆ ಮನೆಯವರಿಗೆ ಅವತ್ತು ಗ್ರಹಚಾರ.

ಆ ಸಸಿಗಳೆಲ್ಲ ಒಂದೇ ಮರದ ಮಕ್ಕಳು. ಅದು ಬಚ್ಚಲ ಹಿಂದಿನ ಮರ. ನಮ್ಮ ಕಡೆ ಯಾವ ಮನೆಗೆ ಹೋದರೂ ಬಚ್ಚಲ ನೀರು ಬೀಳುವಲ್ಲಿ ಒಂದು ತೆಂಗು ಇದ್ದೇ ಇರುತ್ತದೆ. ಅದಕ್ಕೆ ಬೇರೆ ನೀರು ಕಟ್ಟುವವರಿಲ್ಲ, ಗೊಬ್ಬರ ಹಾಕುವವರಿಲ್ಲ, ಮನೆಯವರು ಮಿಂದ ನೀರು ಕುಡಿದೇ ತೋಟದ ಮರಗಳನ್ನು ಹಿಂದೆ ಹಾಕಿ ಕಾಯಿ ಬಿಡುತ್ತದೆ. ದೊಡ್ಡಮ್ಮನ ಮರವಂತೂ ಗೊನೆಗೆ ಗೊನೆ ಒತ್ತಿಕೊಂಡು ನಿಂತಿರುತ್ತಿತ್ತು. ತಾಯಿಮರ ಎಂದೇ ಕರೆಯುತ್ತಿದ್ದರು. ಬಿತ್ತನೆಗೆ ಬಲಿತ ಗೊನೆಯನ್ನು ಕಡಿದು ಬೀಳಿಸುವಂತಿರಲಿಲ್ಲ. ಮರ ಹತ್ತಿದವನು ಹಗ್ಗ ಕಟ್ಟಿ, ಬಾವಿಗೆ ಬಿಂದಿಗೆ ಬಿಟ್ಟ ಹಾಗೆ ಮೆಲ್ಲಗೆ ಇಳಿಸಬೇಕು. ಕೆಳಗೆ ದೊಡ್ಡಮ್ಮ ಸೆರಗು ಸಿಕ್ಕಿಸಿ ನಿಂತು ಕೂಗುತ್ತಿದ್ದರು, "ಮೆಲ್ಲುಕೆ ಕಣ್ಲಾ! ಬಿದ್ದ ಕಾಯ್ಗೆ ತಲೆ ತಿರುಗಿರ್ತದೆ, ಹುಟ್ಟಿದ್ ಮೇಲೂ ಅದು ನೆಟ್ಟಗೆ ನಿಲ್ಲಲ್ಲ." ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನನ್ನ ಅತ್ತೆ ಗೊಣಗುತ್ತಿದ್ದರು. ಆದರೆ ನಮ್ಮ ತೋಟದಲ್ಲಿದ್ದ ಒಳ್ಳೆಯ ಮರಗಳೂ ಆ ಹೆಗ್ಗಣದ ಮಕ್ಕಳೇ ಆಗಿದ್ದವು.

ಆ ಮರದ ಬುಡಕ್ಕೆ ಸೋಪಿನ ನೀರು ಬೀಳಕೂಡದೆಂಬುದು ದೊಡ್ಡಮ್ಮನ ಕಟ್ಟುನಿಟ್ಟು. ಅವರ ಬಚ್ಚಲಲ್ಲಿ ಸೀಗೆಪುಡಿ, ಕಡಲೆಹಿಟ್ಟು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಒಮ್ಮೆ ಕಿರಿ ಮಗಳು ತವರಿಗೆ ಬಂದವಳು ಶಾಂಪೂ ಪೊಟ್ಟಣ ಹಿಡಿದು ಬಚ್ಚಲಿಗೆ ಹೋದಳು. ಅರ್ಧ ತಲೆ ನೊರೆಯಲ್ಲಿರುವಾಗಲೇ ಅವಳನ್ನು ಎಬ್ಬಿಸಿ ಬೀದಿ ಬದಿಗೆ ಕರೆತಂದು ಕೂರಿಸಿ ಅಲ್ಲಿ ನೀರು ಹಾಕಿ ತೊಳೆದರು. ಮಗಳು ಅಳುತ್ತಾ ಬಯ್ಯುತ್ತಿದ್ದಳು, ದೊಡ್ಡಪ್ಪ ಜಗಲಿಯಲ್ಲಿ ಕೂತು ಹೂಂಗುಟ್ಟುತ್ತಿದ್ದರು, ಯಾರ ಪರವಾಗಿ ಎಂದು ಯಾರಿಗೂ ತಿಳಿಯಲಿಲ್ಲ.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ದೊಡ್ಡಮ್ಮ ಹೇಳುತ್ತಿದ್ದರು. ನಾನು ಬಂದ ಮೇಲೆ ಆ ಭರಣಿಯನ್ನು ನೆಟ್ಟಗೆ ನೋಡಿದ ನೆನಪೇ ನನಗಿಲ್ಲ. "ಭರಣಿಗೆ ನಮ್ಮೂರ ದಾರಿನೇ ಮರ್ತೋಗದೆ ಕಣೇ" ಎನ್ನುವುದು ಅವರ ಹೊಸ ಗಾದೆಯಾಯಿತು. ಮಳೆ ಬರುತ್ತಲೇ ಇರಲಿಲ್ಲ ಎಂದಲ್ಲ. ಬರಬೇಕಾದಾಗ ಬರುತ್ತಿರಲಿಲ್ಲ, ರಾಗಿ ಕೊಯ್ದು ಕಣಕ್ಕೆ ಹಾಕಿದಾಗ ಬಂದು ತೆನೆಯಲ್ಲೇ ಮೊಳಕೆ ಬರಿಸಿ ಹೋಗುತ್ತಿತ್ತು. ಒಂದು ವರ್ಷ ಕೆರೆ ಕೋಡಿ ಬಿದ್ದು ರಸ್ತೆ ಕೊಚ್ಚಿಕೊಂಡು ಹೋಯಿತು, ಆಮೇಲಿನ ವರ್ಷಗಳಲ್ಲಿ ಅದೇ ಕೆರೆಯಂಗಳದಲ್ಲಿ ಹುಡುಗರು ಕ್ರಿಕೆಟ್ ಆಡಿದರು. ಬೇಸಿಗೆ ಶಿವರಾತ್ರಿಗೂ ಮೊದಲೇ ಬಂದು ಕೂರತೊಡಗಿತು. ತೋಟಗಳಲ್ಲಿ ಗರಿಗಳು ಜೋತುಬಿದ್ದವು, ಅವುಗಳ ಮೇಲೆ ಬಿಳಿನೊಣ ಕೂತು ಕೆಳಗೆಲ್ಲ ಕಪ್ಪು ಮಸಿ ಹಿಡಿಯಿತು. ಅಟ್ಟಕ್ಕೆ ಹಾಕಿದ ಕಾಯಿ ವರ್ಷ ಕಳೆದು ಕೊಬ್ಬರಿಯಾಗಿ ಇಳಿದಾಗ ಅಂಗೈ ತುಂಬುತ್ತಿರಲಿಲ್ಲ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಒಯ್ದರೆ ಅಲ್ಲಿನವರು ಕೈಯಲ್ಲಿ ಹಿಡಿದು ನೋಡಿ ಮುಖ ಸಿಂಡರಿಸುತ್ತಿದ್ದರು. ಒಂದೊಂದೇ ಮನೆಯ ಬೋರು ಗಾಳಿ ಉಗುಳಿ ನಿಂತಿತು. ದೊಡ್ಡಮ್ಮನ ತೋಟದ್ದೂ ನಿಂತಿತು.

ಆ ವರ್ಷ ನಾನು ಬಸುರಿ. ನಲ್ಲಿಯ ನೀರು ವಾರಕ್ಕೊಮ್ಮೆ ಬರತೊಡಗಿತ್ತು, ಅದೂ ನೂಲಿನ ಹಾಗೆ. ತಲೆಗೆ ಸ್ನಾನ ಎಂಬುದು ಹಬ್ಬಕ್ಕೆ ಮಾತ್ರ ಎಂದಾಯಿತು. ಉಳಿದ ದಿನ ಎಲ್ಲರೂ ಕೈಕಾಲು ಒರೆಸಿಕೊಂಡು ದೇವರಿಗೆ ದೀಪ ಹಚ್ಚುತ್ತಿದ್ದೆವು. ಮನೆಯವರು ಮೀಯದಿದ್ದರೆ ಬಚ್ಚಲ ಮರಕ್ಕೆ ನೀರೆಲ್ಲಿಂದ ಬರಬೇಕು? ತಾಯಿಮರ ಮೊದಲ ಸಲ ಹರಳು ಉದುರಿಸಿತು. ಹೊಂಬಾಳೆಯಿಂದ ಆಗಷ್ಟೇ ಕಟ್ಟಿದ ಗೋಲಿಯಂಥ ಕಾಯಿಗಳು. ದೊಡ್ಡಮ್ಮ ಅವನ್ನು ಮಡಿಲಿಗೆ ಆಯ್ದುಕೊಂಡು ಬಂದು ನಮ್ಮ ಜಗಲಿಯ ಮೇಲೆ ಸುರಿದರು. ಒಂದೊಂದನ್ನೇ ಎತ್ತಿ ತೊಟ್ಟು ತಿರುಗಿಸಿ ನೋಡುತ್ತಾ ಕೂತರು. ಆ ಮರವೊಂದು ಹೋದರೆ ಅವರ ಬದುಕೇ ಹೋದ ಹಾಗೆ. ನಮಗೂ ಅಷ್ಟೇ, ಸಾಯುತ್ತಿದ್ದ ತೋಟಗಳಿಗೆ ಮತ್ತೆ ಸಸಿ ಇಡಬೇಕೆಂದರೆ ಬೀದಿಯವರೆಲ್ಲ ನೆಚ್ಚಿದ್ದು ಅದೊಂದನ್ನೇ.

ಮಾರನೆಯ ದಿನ ಬೀದಿಯ ನಡುವೆ ನಿಂತು ಡಂಗುರ ಸಾರಿದರು. "ನೀರು ನಿಮ್ದು, ಉರಿ ನಮ್ದು! ಶನಿವಾರ ಎಲ್ಲಾ ಹೆಂಗಸ್ರೂ ಒಂದೊಂದು ಬಿಂದಿಗೆ ನೀರು ತಂದು ನಮ್ಮನೆ ಹಂಡೆಗೆ ಉಯ್ರಿ. ಎಣ್ಣೆ ನಾನೇ ಉಜ್ತೀನಿ. ಮರ ಉಳುದ್ರೆ ಮನೆಗೊಂದು ಸಸಿ."

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಎಂದು ಜನ ಮೊದಲು ನಕ್ಕರು. ಆದರೆ ಲೆಕ್ಕ ಹಾಕಿ ನೋಡಿದರೆ ದೊಡ್ಡಮ್ಮನ ಮಾತಿನಲ್ಲಿ ತಪ್ಪಿರಲಿಲ್ಲ. ಮನೆಯಲ್ಲಿ ಒಂದು ಬಿಂದಿಗೆ ನೀರಿಗೆ ಮುಖ ತೊಳೆದ ಹಾಗಾಗುತ್ತದೆ. ಹಂಡೆ ತುಂಬ ಕಾದ ನೀರನ್ನು ಒಬ್ಬರ ಹಿಂದೊಬ್ಬರಿಗೆ, ಗಟ್ಟಿ ಕೈಯವರೊಬ್ಬರು ಅಳತೆಯಾಗಿ ಹುಯ್ದರೆ ಅದರ ಸುಖವೇ ಬೇರೆ. ಹನಿ ಹನಿಗೂಡಿದರೆ ಹಳ್ಳ. ಶನಿವಾರ ಬೆಳಿಗ್ಗೆ ದೊಡ್ಡಪ್ಪನನ್ನು ಬೀದಿ ಜಗಲಿಗೆ ಅಟ್ಟಿ ಹಿತ್ತಲ ಬಾಗಿಲು ಹಾಕಿಕೊಂಡರೆ ಒಳಗೆ ನಮ್ಮದೇ ಸಾಮ್ರಾಜ್ಯ. ಒಬ್ಬರು ಮೀಯುತ್ತಿದ್ದರೆ ಉಳಿದವರು ಹುರುಳಿಕಾಳಲ್ಲಿ ಕಲ್ಲು ಆರಿಸುತ್ತಾ, ಬೀದಿಯ ಗಂಡಸರನ್ನೆಲ್ಲ ಆಡಿಕೊಳ್ಳುತ್ತಾ ಕೂತಿರುತ್ತಿದ್ದೆವು. ಬಚ್ಚಲ ಹಿಂದಿನ ತೂತಿನಿಂದ ಬಿಸಿನೀರು ಆವಿಯಾಡುತ್ತಾ ಹೊರಬಂದು, ಒಂದು ಗುಂಡಿಯಲ್ಲಿ ಆರಿ, ಮರದ ಪಾತಿಗೆ ಇಳಿಯುತ್ತಿತ್ತು. ಅಷ್ಟು ನಗು ಆ ಬೇಸಿಗೆಯಲ್ಲಿ ಬೇರೆಲ್ಲೂ ಕೇಳಿಸಿರಲಿಲ್ಲ ಎಂದು ನನಗನ್ನಿಸುತ್ತದೆ. ಒಂದೆರಡು ತಿಂಗಳಲ್ಲಿ ಹರಳು ಉದುರುವುದು ನಿಂತಿತು. ಹೊಸ ಹೊಂಬಾಳೆ ಒಡೆದ ದಿನ ದೊಡ್ಡಮ್ಮ ಇಡೀ ಬೀದಿಗೆ ಪಾಯಸ ಹಂಚಿದರು.

ನನ್ನ ಸೀಮಂತಕ್ಕೆ ಅಮ್ಮ ಚಿಕ್ಕನಾಯಕನಹಳ್ಳಿ ಕಡೆಯ ನನ್ನ ತವರಿನಿಂದ ಬಂದಳು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಅದು ಎಲ್ಲರಿಗೂ ಗೊತ್ತಿರುವ ರಿವಾಜು. ಸೀಮಂತ ಮುಗಿಸಿ ನನ್ನನ್ನು ಕರೆದುಕೊಂಡು ಹೋಗಬೇಕಿತ್ತು. ನಾನು ಬಟ್ಟೆ ಕೂಡ ಜೋಡಿಸಿಟ್ಟಿದ್ದೆ. ಊಟವಾದ ಮೇಲೆ ಅಮ್ಮ ಅಡುಗೆಮನೆಯ ಮೂಲೆಯಲ್ಲಿ ಕೂತು ಅಳತೊಡಗಿದಳು.

"ಕರ್ಕಂಡೋಗಕ್ಕೆ ನಂಗೆ ಮನಸಿಲ್ವಾ ಮಗಾ? ಟ್ಯಾಂಕರ್ ನೀರು ಕುಡಿಯಕ್ಕೇ ಸಾಲ್ದು. ಹಸಿ ಮೈಗೆ ಏನು ಉಯ್ಯಲಿ ನಾನು?"

ಮಗಳನ್ನು ಬಾಣಂತನಕ್ಕೆ ಕರೆದೊಯ್ಯಲಾರೆ ಎಂದು ಬೀಗರ ಮನೆಯಲ್ಲಿ ಕೂತು ಹೇಳುವುದು ಯಾವ ತಾಯಿಗೂ ಬರಬಾರದ ಕಷ್ಟ. ಬಡತನಕ್ಕಾದರೆ ಸಾಲವೋ ಸೋಲವೋ ಮಾಡಬಹುದು, ಇಲ್ಲದ ನೀರನ್ನು ಯಾರ ಹತ್ತಿರ ಕೇಳುವುದು? ನನ್ನ ಅತ್ತೆ ಒಳ್ಳೆಯವರೇ. ಆದರೆ ಅವರಿಗೆ ಮಂಡಿ ನೋವು, ನಮ್ಮ ಮನೆಯ ಬಚ್ಚಲಲ್ಲಿ ಹಂಡೆಯೂ ಇರಲಿಲ್ಲ, ಬಕೆಟ್ಟಿಗೆ ಕರೆಂಟಿನ ಕಾಯಿಲ್ ಇಟ್ಟು ನೀರು ಕಾಯಿಸುತ್ತಿದ್ದೆವು.

ಅರಿಶಿನ ಕುಂಕುಮಕ್ಕೆಂದು ಬಂದಿದ್ದ ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು ಎಂದು ಕಾಣುತ್ತದೆ.

"ಅಳಬ್ಯಾಡ ತಂಗಿ" ಎಂದರು ಅಮ್ಮನಿಗೆ. "ನಿನ್ ಮಗಳಿಗೆ ನಾನು ನೀರುಯ್ತೀನಿ. ಪುಗಸಟ್ಟೆ ಅಲ್ಲ ಮತ್ತೆ! ನನ್ ಮರಕ್ಕೆ ನೀರು ಬೇಕು. ಬಾಣಂತಿ ನೀರು ಅಂದ್ರೆ ದಿನಾ ಹಂಡೆಗಟ್ಲೆ ಬೀಳ್ತದೆ. ನಿಂಗೂ ಆಯ್ತು, ನಂಗೂ ಆಯ್ತು."

ಅಮ್ಮ ಕಣ್ಣೊರೆಸಿಕೊಂಡು ನಕ್ಕಳು. ಇದು ಉಪಕಾರವಲ್ಲ, ವ್ಯವಹಾರ ಎಂದ ಮೇಲೆ ಅವಳು ತಲೆಯೆತ್ತಿ ಕೂತಳು. ಮರುದಿನ ಬಸ್ಸು ಹತ್ತುವಾಗಲೂ "ನಿಮ್ಮ ಮರ ಚೆನ್ನಾಗಿರ್ಲಿ ಅಕ್ಕಾ" ಎಂದೇ ಹೇಳಿ ಹೋದಳು.

ವೈಶಾಖದ ಉರಿಬಿಸಿಲಲ್ಲಿ ಮಗಳು ಹುಟ್ಟಿದಳು. ನನಗೆ ಹೊಲಿಗೆ ಬಿದ್ದಿತ್ತು. ಆಸ್ಪತ್ರೆಯವರು ಸ್ನಾನದ ನೀರಿಗೆ ದಿನವೂ ಬೆರೆಸಬೇಕೆಂದು ಘಾಟು ವಾಸನೆಯ ಒಂದು ಔಷಧಿ ಕೊಟ್ಟು ಕಳಿಸಿದ್ದರು. ಪುರುಡು ಕಳೆದ ಮೇಲೆ ದೊಡ್ಡಮ್ಮ ಬಂದು ಅತ್ತೆಯ ಕೈಯಿಂದ ಕೂಸನ್ನೂ ಆ ಔಷಧಿ ಬಾಟಲಿಯನ್ನೂ ಇಸಿದುಕೊಂಡು, ನನ್ನನ್ನು ರಸ್ತೆ ದಾಟಿಸಿ ಕರೆದೊಯ್ದರು. ಹಂಡೆಗೆ ನೀರು ಎಲ್ಲಿಂದ ಎಂದು ಕೇಳಿದೆ. ಶನಿವಾರದ ಸ್ನಾನ ಸದ್ಯಕ್ಕೆ ಬಂದ್ ಎಂದರು. ವಾರಕ್ಕೊಂದು ದಿನ ಎಲ್ಲರೂ ತರುತ್ತಿದ್ದ ಬಿಂದಿಗೆಗಳನ್ನು ದಿನಕ್ಕೆ ಇಷ್ಟು ಮನೆ ಎಂದು ಹಂಚಿಬಿಟ್ಟಿದ್ದರು. ಬೀದಿಯ ಹೆಂಗಸರು ಒಬ್ಬರೂ ಇಲ್ಲವೆನ್ನಲಿಲ್ಲ. ಬಿಂದಿಗೆ ಹೊತ್ತು ಬಂದವರು ಹಂಡೆಗೆ ಸುರಿದು, ಕೂಸಿನ ಕೆನ್ನೆ ಹಿಂಡಿ, "ಮರಕ್ಕೆ ಭರ್ಜರಿ ಊಟ ಈಗ" ಎಂದು ನಕ್ಕು ಹೋಗುತ್ತಿದ್ದರು.

ಆ ಬಚ್ಚಲು ಈಗಲೂ ಕಣ್ಣ ಮುಂದಿದೆ... ಮಸಿ ಹಿಡಿದ ಗೋಡೆ, ಅರೆಗತ್ತಲು, ಒಲೆಬಾಯಲ್ಲಿ ಚಟಗುಟ್ಟುವ ಮಟ್ಟೆ, ಕರಟ. ಮೊದಲು ಎಣ್ಣೆ. ದೊಡ್ಡಮ್ಮನ ಅಂಗೈ ಒರಟು, ಆದರೆ ನೋವಿರುವ ಜಾಗ ಅದಕ್ಕೆ ತಾನಾಗಿ ತಿಳಿಯುತ್ತಿತ್ತು. ಆಮೇಲೆ ಕಲ್ಲಿನ ಮೇಲೆ ಕೂರಿಸಿ ಸೊಂಟಕ್ಕೆ, ಬೆನ್ನಿಗೆ, ನೆತ್ತಿಗೆ ಚೊಂಬಿನಿಂದ ರಪರಪನೆ ನೀರು. ಸುಡುವ ನೀರು, ಸುಖದ ನೀರು. ನನಗೋ ಒಳಗೊಳಗೇ ಹಿಂಸೆ. ಒಂದೊಂದು ಚೊಂಬು ಬಿದ್ದಾಗಲೂ ಯಾವ ಮನೆಯ ಬಿಂದಿಗೆ ಇದು, ಆ ಮನೆಯ ಮಕ್ಕಳು ಇವತ್ತು ಏನು ಮಾಡಿದರೋ ಎಂದು ಮನಸ್ಸು ಹಿಡಿಯಾಗುತ್ತಿತ್ತು.

"ಸಾಕು ದೊಡ್ಡಮ್ಮ, ನೀರು ಖಾಲಿಯಾಗ್ತದೆ."

"ನಿಂಗಲ್ಲ ಕಣೇ, ಮರಕ್ಕೆ. ಬಾಯ್ ಮುಚ್ಕಂಡು ಕೂತ್ಕೊ."

ದಿನವೂ ಇದೇ ಮಾತು. ನಾನು ಸಾಕು ಎನ್ನುವುದು, ಅವರು ಮರಕ್ಕೆ ಎನ್ನುವುದು. ಕೊನೆಕೊನೆಗೆ ನಾನೂ ನಂಬಿಬಿಟ್ಟೆ. ಮರದ ಹಸಿವೆಗಾಗಿ ನಾನು ಮೀಯುತ್ತಿದ್ದೇನೆ ಎಂದುಕೊಂಡು ನಿರಾಳವಾಗಿ ತಲೆಯೊಡ್ಡಿ ಕೂರತೊಡಗಿದೆ. ಆಮೇಲೆ ಕಾಲು ನೀಡಿ ಕೂತು ಕೂಸನ್ನು ಮಲಗಿಸಿಕೊಂಡು ಅದಕ್ಕೂ ನೀರು ಹಾಕುತ್ತಿದ್ದರು. ಅದು ಕಿರುಚಿದರೆ, "ಕೂಗು ಕೂಗು, ನಿನ್ ಕೂಗಿಗೆ ನನ್ ಮರ ಇನ್ನೊಂದ್ ಗೊನೆ ಬುಡ್ತದೆ" ಎಂದು ಸಮಾಧಾನ ಹೇಳುತ್ತಿದ್ದರು. ಕಿವಿಗೆ ಬಟ್ಟೆ ಕಟ್ಟಿ, ಸಾಂಬ್ರಾಣಿ ಹೊಗೆ ಕೊಟ್ಟು, ಕೊಬ್ಬರಿ ಬೆಲ್ಲ ಬಾಯಿಗಿಟ್ಟು ಮತ್ತೆ ರಸ್ತೆ ದಾಟಿಸಿ ಬಿಡುತ್ತಿದ್ದರು. ತವರಿನಲ್ಲಿ ಇದಕ್ಕಿಂತ ಹೆಚ್ಚು ಏನಾಗುತ್ತಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಹೆಚ್ಚೇನೂ ಆಗುತ್ತಿರಲಿಲ್ಲ.

ಬಾಣಂತಿಗೆ ಬಿಸಿಲು ಗಾಳಿ ಬಡಿಯಬಾರದು. ಹಾಗಾಗಿ ಬಚ್ಚಲ ಹಿಂದೆ ಮರದ ಕಡೆ ನಾನು ಆ ದಿನಗಳಲ್ಲಿ ಹೋದವಳೇ ಅಲ್ಲ. ಅತ್ತೆ ಒಂದು ದಿನ, "ಆ ಮರ ಮತ್ತೆ ಹರಳು ಚೆಲ್ತಾ ಐತಲ್ಲೇ" ಎಂದರು. ಇಷ್ಟು ನೀರು ಕುಡಿದೂ ಹೀಗ್ಯಾಕೆ ಎಂದು ದೊಡ್ಡಮ್ಮನನ್ನು ಕೇಳಿದೆ. "ಬಿಸಿಲು ಕಣೇ, ಮೈ ಸುಡೋ ಬಿಸಿಲು. ಮರ ತಾನೇ ಏನ್ ಮಾಡಾತು?" ಎಂದು ಎಲೆಗೆ ಸುಣ್ಣ ಬಳಿಯುತ್ತಾ ಹೇಳಿದರು. ಬಿಸಿಲು ಹಾಗೇ ಇತ್ತು, ನಂಬದಿರುವುದಕ್ಕೆ ಕಾರಣವಿರಲಿಲ್ಲ. ಕೊನೆಗೆ ಮರದಲ್ಲಿ ಉಳಿದದ್ದು ಮೊದಲೇ ಬಲಿತಿದ್ದ ಒಂದು ಗೊನೆ ಮಾತ್ರ. ಅದನ್ನು ಎಂದಿನಂತೆ ಹಗ್ಗದಲ್ಲಿ ಇಳಿಸಿ ಮರಳಿನಲ್ಲಿ ಮಲಗಿಸಿದರು.

ಮುಂದಿನ ವರ್ಷ ದೊಡ್ಡಮ್ಮನ ಹಿತ್ತಿಲಲ್ಲಿ ಸಸಿಗಳೆಂದರೆ ಬೆರಳೆಣಿಕೆಯಷ್ಟು. ಮನೆಗೊಂದು ಸಸಿ ಎಂದಿದ್ದ ಮಾತು ಎಲ್ಲ ಮನೆಗೂ ಮುಟ್ಟಲಿಲ್ಲ, ಬೀದಿಯಲ್ಲಿ ಗೊಣಗಾಟ ಶುರುವಾಯಿತು. "ಕೊಟ್ಟ ಮಾತಿಗೆ ಕಾಯಿ ಬುಡ್ತದಾ ಮರ? ಬಿಟ್ಟಷ್ಟು ಕೊಟ್ಟಿವ್ನಿ" ಎಂದು ಜಗಳಕ್ಕೇ ನಿಂತರು. ದೂರದಿಂದ ಬಂದವರನ್ನು ಈ ಸಲ ವಿಚಾರಣೆಯಿಲ್ಲದೆಯೇ ವಾಪಸು ಕಳಿಸಿದರು. ಆ ವರ್ಷವೆಲ್ಲ ಅವರ ಮನೆಯ ಒಲೆ ಹೇಗೆ ಉರಿಯಿತೋ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಹಸು ಮಾರಿದರು ಎಂಬುದಷ್ಟೇ ಗೊತ್ತು.

ಆದರೂ ಮಗಳ ಹುಟ್ಟುಹಬ್ಬದ ದಿನ ಒಂದು ಸಸಿ ಹಿಡಿದು ನಮ್ಮನೆಗೆ ಬಂದರು. ನನ್ನನ್ನು ಜಗಲಿಯಲ್ಲಿ ಕೂರಿಸಿಕೊಂಡು ಗಂಡಿನ ಕಡೆಯವರನ್ನು ಕೇಳುವ ಹಾಗೆ ಎಲ್ಲ ಕೇಳಿದರು. ಎಲ್ಲಿ ಇಡ್ತೀಯ, ಯಾರು ನೋಡ್ಕಳ್ತಾರೆ, ಬ್ಯಾಸಗೇಲಿ ಏನ್ ಮಾಡ್ತೀಯ. ಬಚ್ಚಲ ಹಿಂದೆ ಇಡುತ್ತೇನೆ ಎಂದೆ. ಸೋಪು? ಬಟ್ಟೆಯದನ್ನು ಬೇರೆ ಕಡೆ ಬಿಡುತ್ತೇನೆ ಎಂದೆ. ಅರ್ಧಂಬರ್ಧ ಒಪ್ಪಿಗೆಯ ಮುಖ ಮಾಡಿ, ಸಸಿಗೂ ಮಗಳಿಗೂ ಒಟ್ಟಿಗೇ ಕುಂಕುಮವಿಟ್ಟರು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ಹೇಳಿ ಸಸಿಯ ನೆತ್ತಿ ಸವರಿದರು.

ತಾಯಿಮರ ಮತ್ತೆ ಮೊದಲಿನ ಹಾಗಾಗಲಿಲ್ಲ. ಒಂದು ವರ್ಷ ನಾಲ್ಕು ಕಾಯಿ ಬಿಟ್ಟರೆ ಇನ್ನೊಂದು ವರ್ಷ ಬರಿದು. ಆಮೇಲೆ ಬೇಡದ ಕಾಲದಲ್ಲಿ ಹಿಡಿದ ಮಳೆಗೆ ಸುಳಿ ಕೊಳೆಯಿತು. ಗರಿಯೆಲ್ಲ ಬಿದ್ದ ಮೇಲೂ ಅದನ್ನು ಕಡಿಯಲು ದೊಡ್ಡಮ್ಮ ಬಿಡಲಿಲ್ಲ. ಬೋಳು ಕಂಬದಲ್ಲಿ ಗಿಳಿಗಳು ತೂತು ಮಾಡಿಕೊಂಡವು. "ಗಿಳೀಗಾದ್ರೂ ಮನೆಯಾಯ್ತು ಬುಡು" ಎಂದರು. ಅದಾದ ಸ್ವಲ್ಪ ಕಾಲಕ್ಕೆ ಅವರೂ ಹಾಸಿಗೆ ಹಿಡಿದರು. ಹೆಣ್ಣುಮಕ್ಕಳು ಬಂದು ಚೆನ್ನಾಗಿಯೇ ನೋಡಿಕೊಂಡರು, ಜಗಳ ಮಾತ್ರ ಕೊನೆಯವರೆಗೂ ನಿಲ್ಲಿಸಲಿಲ್ಲ. ದೊಡ್ಡಮ್ಮ ತೀರಿಹೋದ ದಿನ ಕೊನೆಯ ಸ್ನಾನಕ್ಕೆ ಅದೇ ಹಂಡೆಯಲ್ಲಿ ನೀರು ಕಾಯಿಸಿದರು. ಅವತ್ತು ನಲ್ಲಿಯಲ್ಲಿ ನೀರು ಧಾರಾಳವಾಗಿ ಬರುತ್ತಿತ್ತು. ಆದರೂ ಬೀದಿಯ ಹೆಂಗಸರು ಯಾರೂ ಹೇಳದೆ ಕೇಳದೆ ಮನೆಮನೆಯಿಂದ ಒಂದೊಂದು ಬಿಂದಿಗೆ ಹೊತ್ತು ಬಂದರು. ನಾನೂ ಒಯ್ದೆ. ನನ್ನ ಕೈಯಾರೆ ಅವರ ನೆತ್ತಿಗೆ ಸೀಗೆ ಹಚ್ಚಿ ನೀರು ಹುಯ್ದೆ... ಸಾಕು ಎನ್ನಲು ಅವರಿರಲಿಲ್ಲ.

ಗಾರೆಯವನು ಕಾಫಿ ಮುಗಿಸಿ ಲೋಟ ಕೆಳಗಿಟ್ಟ. ಹಾಸುಗಲ್ಲು ತೆಗೆದ ಜಾಗದಲ್ಲಿ ಸಲಿಕೆಯಿಂದ ಕೆರೆಯುತ್ತಾ, "ಯಜಮಾನ್ರೇ, ಇಲ್ಲಿ ಎರಡು ದಾರಿ ಐತಲ್ಲ? ನೀರು ಯಾವ ಕಡೆ ಹೋಗ್ತಿತ್ತು?" ಎಂದು ಬಾಗಿಲ ಕಡೆಗೆ ಕೂಗಿದ. ಬಗ್ಗಿ ನೋಡಿದೆ. ಹಿಂದಿನ ಗೋಡೆಯಲ್ಲಿ, ಮರವಿದ್ದ ಕಡೆಗೆ ಒಂದು ತೂತು. ಅದು ನನಗೆ ಗೊತ್ತಿದ್ದದ್ದೇ. ಇನ್ನೊಂದು ಮೂಲೆಯಲ್ಲಿ, ನೆಲದಡಿ ಹಂಚು ಜೋಡಿಸಿ ಮಾಡಿದ ಸಣ್ಣ ಕಾಲುವೆ, ಬೇಲಿಯಾಚೆಯ ತಿಪ್ಪೆಗೆ ಹೋಗಿತ್ತು.

ಬಾಗಿಲಲ್ಲಿ ಕೋಲೂರಿ ನಿಂತಿದ್ದ ದೊಡ್ಡಪ್ಪ ನಿಧಾನವಾಗಿ ಹತ್ತಿರ ಬಂದರು. ಹಂಚಿನ ಕಾಲುವೆಯನ್ನೇ ನೋಡುತ್ತಾ ನಿಂತರು. ಅಷ್ಟು ಮಾತು ಅವರ ಬಾಯಿಂದ ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ನಿನ್ ಬಾಣಂತನಕ್ಕೆ ಅಂತ ಮಾಡ್ಸಿದ್ಲು ಕಣಮ್ಮ. ನಾನೇ ಹಂಚು ಜೋಡ್ಸಿದ್ದು. ಔಸ್ದಿ ನೀರು ಮರಕ್ಕೆ ಆಗಲ್ಲ ಅಂತ ಆ ತೂತಿಗೆ ಬಟ್ಟೆ ಗಿಡಿದು ಈ ಕಡೆ ತಿರುಗ್ಸಿದ್ಲು. ಮತ್ತೆ ಮರಕ್ಕೆ ನೀರು ಎಲ್ಲಿಂದಲೇ ಅಂದೆ. ಮರ ತಡ್ಕತದೆ, ಹಸಿ ಮೈ ತಡ್ಕಳಲ್ಲ ಅಂದ್ಲು."

ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ನನ್ನ ಮೈಮೇಲೆ ಬಿದ್ದ ನೀರಿನಲ್ಲಿ ಒಂದು ತೊಟ್ಟೂ ಆ ಮರಕ್ಕೆ ಹೋಗಿರಲಿಲ್ಲ. ಶನಿವಾರದ ಸ್ನಾನವನ್ನೂ ನಿಲ್ಲಿಸಿದ್ದರಿಂದ ಬೇರೆ ನೀರೂ ಅದಕ್ಕೆ ಸಿಕ್ಕಿರಲಿಲ್ಲ. ಕೂಸಿನ ಮೈ ಒರೆಸಿ ನನ್ನ ಕೈಗಿಡುವಾಗಲೆಲ್ಲ ಗೋಡೆಯಾಚೆ ಹರಳು ಉದುರುತ್ತಿರುವುದು ಅವರಿಗೆ ಗೊತ್ತಿತ್ತು. ಆ ಹರಳಿನಲ್ಲೇ ಮುಂದಿನ ವರ್ಷದ ಅನ್ನವಿರುವುದೂ ಗೊತ್ತಿತ್ತು. ಆದರೂ ನಾನು ಸಾಕು ಎಂದಾಗೆಲ್ಲ ಅವರು ಮರದ ಹೆಸರು ಹೇಳಿದರು. ಉಪಕಾರ ಎಂದು ತಿಳಿದರೆ ನಾನು ಎರಡು ಚೊಂಬಿಗೇ ಏಳುತ್ತಿದ್ದೆ, ಅಮ್ಮನೂ ತಲೆಯೆತ್ತಿ ಬಸ್ಸು ಹತ್ತುತ್ತಿರಲಿಲ್ಲ. ದೊಡ್ಡಮ್ಮ ಬದುಕಿದ್ದಾಗ ಈ ಸುಳ್ಳು ನನ್ನ ಕೈಗೆ ಸಿಕ್ಕಿದ್ದರೆ ಎಷ್ಟು ಜಗಳವಾಡುತ್ತಿದ್ದೆ! ಆ ಜಗಳ ಇನ್ನು ಆಗುವುದಿಲ್ಲ. ಅದನ್ನು ನೆನೆದೇ ನನಗೆ ತಡೆಯಲಾಗದೆ ಅಳು ಬಂತು. ದೊಡ್ಡಪ್ಪ ಪಕ್ಕದಲ್ಲಿ ನಿಂತು ಹೂಂ ಹೂಂ ಎನ್ನುತ್ತಿದ್ದರು.

ಸಂಜೆ ಗಾರೆಯವನು ನಮ್ಮ ಮನೆಗೆ ಬಂದು ಬಚ್ಚಲ ಪೈಪನ್ನು ಹೊಸ ಚರಂಡಿಗೆ ಎಲ್ಲಿ ಸೇರಿಸಲಿ ಎಂದು ಕೇಳಿದ. ನಮ್ಮದು ಹಾಗೇ ಇರಲಿ ಎಂದು ಕಳಿಸಿದೆ.

ಮೊನ್ನೆ ಶನಿವಾರ. ಈ ಸಲವೂ ಮುಂಗಾರು ಮುಖ ತೋರಿಸಿಲ್ಲ, ನಲ್ಲಿಯಲ್ಲಿ ಮತ್ತೆ ನೂಲಿನಂಥ ನೀರು. ದೊಡ್ಡಪ್ಪನನ್ನು ಕೇಳಿ ಆ ಹಂಡೆಯನ್ನು ನಮ್ಮ ಹಿತ್ತಿಲಿಗೆ ತರಿಸಿಕೊಂಡಿದ್ದೆ. ಮಟ್ಟೆ ಹಾಕಿ ಉರಿ ಮಾಡಿದೆ. ಹೈಸ್ಕೂಲಿಗೆ ಹೋಗುವ ಮಗಳನ್ನು ಹಿಡಿದು ಕೂರಿಸಿ ಎಣ್ಣೆ ಉಜ್ಜಿ, ಸೀಗೆ ಹಚ್ಚಿ, ನೆತ್ತಿಗೆ ಚೊಂಬಿನಿಂದ ನೀರು ಹುಯ್ಯತೊಡಗಿದೆ. ಗೋಡೆಯಾಚೆ ಅವಳಷ್ಟೇ ವಯಸ್ಸಿನ ಮರ, ಹೋದ ವರ್ಷವಷ್ಟೇ ನಾಲ್ಕು ಗೊನೆ ಬಿಟ್ಟದ್ದು. ಅದರ ಪಾತಿಗೆ ನೀರಿಳಿಯುವ ಸದ್ದು ಕೇಳುತ್ತಿತ್ತು.

"ಸಾಕಮ್ಮಾ" ಎಂದಳು ಮಗಳು, ಕಣ್ಣು ಮುಚ್ಚಿಕೊಂಡೇ. "ನೀರು ಖಾಲಿಯಾಗುತ್ತೆ."

ನಾನು ಇನ್ನೊಂದು ಚೊಂಬು ತುಂಬಿಕೊಂಡೆ.

"ನಿಂಗಲ್ಲ ಕಣೇ, ಮರಕ್ಕೆ."